ಯಾರೂ ಮೀಟದ ಗಾಂಧಾರ

ಮೊದಲು ಕೇಳಿಸಿದ್ದು ನನಗಲ್ಲ, ನನ್ನ ಮಗಳಿಗೆ.

ಡಿಸೆಂಬರಿನ ಶನಿವಾರ, ಮಧ್ಯಾಹ್ನ ಮೂರು ದಾಟಿತ್ತು. ಪುಣೆಯ ಮುಕುಂದನಗರದಲ್ಲಿ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದ ಪೆಂಡಾಲಿನ ಹೊರಗೆ ನಿಂತಿದ್ದೆವು. ಕಛೇರಿ ಶುರುವಾಗಲು ಇನ್ನೂ ಹೊತ್ತಿತ್ತು. ವಾದ್ಯಗಳ ಮಳಿಗೆಯೊಂದರಲ್ಲಿ ಮಿರಜದಿಂದ ಬಂದಿದ್ದ ಹಿರಿಯರೊಬ್ಬರು ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ತಂತಿಗಳ ಕೆಳಗೆ, ಅವನ್ನು ಹೊರುವ ಕುದುರೆಯ ಮೇಲೆ, ಒಂದು ಚೂರು ನೂಲು. ಬರೀ ನೂಲು, ಅಂಗಿಯ ಗುಂಡಿ ಹಚ್ಚುವಂಥದ್ದು! ಅದನ್ನು ಅವರು ಉಗುರಿನ ತುದಿಯಿಂದ ಕೂದಲೆಳೆಯಷ್ಟು ಮುಂದೆ ತಳ್ಳಿದರು, ತಂತಿ ಮೀಟಿದರು. ಸಪ್ಪೆ ದನಿ. ಇನ್ನೊಂದು ಕೂದಲೆಳೆ ಹಿಂದೆ ತಂದರು, ಮೀಟಿದರು. ಮತ್ತೂ ಒಂದಿಷ್ಟು. ಆಗ ಆದದ್ದನ್ನು ಹೇಗೆ ಬರೆಯಲಿ? ಅಲ್ಲಿಯವರೆಗೆ ತಂತಿಯಾಗಿದ್ದುದು ಒಮ್ಮೆಲೇ ಅರಳಿಕೊಂಡಿತು. ಜೇನುಗೂಡಿನ ಬಾಗಿಲು ತೆರೆದ ಹಾಗೆ ಝೇಂಕಾರ ಹೊರಗೆ ಸುರಿಯತೊಡಗಿತು, ಮಳಿಗೆಯ ತುಂಬ, ನಮ್ಮ ಕಿವಿಯ ತುಂಬ, ಎದೆಯ ಗೂಡಿನ ತುಂಬ.

ಮಗಳು ನನ್ನ ತೋಳು ಹಿಡಿದೆಳೆದಳು. "ಅಪ್ಪಾ, ಇನ್ನೊಬ್ರು ಯಾರೋ ಹಾಡಾಕತ್ತಾರಲ್ಲ?"

ಯಾರೂ ಹಾಡುತ್ತಿರಲಿಲ್ಲ. ಆ ಹಿರಿಯರು ಮಾತ್ರ ತಲೆಯೆತ್ತಿ ಅವಳನ್ನು ನೋಡಿ ನಕ್ಕರು. ಅವಳ ಕಿವಿಯನ್ನು ಬುರುಡೆಯ ಹತ್ತಿರ ತರಲು ಹೇಳಿದರು. ಮರಾಠಿ ಬೆರೆತ ಹಿಂದಿಯಲ್ಲಿ, ಒಂದೊಂದೇ ತಂತಿ ಮುಟ್ಟಿ ತೋರಿಸಿದರು: ಇದು ಪಂಚಮ, ಈ ನಡುವಿನವೆರಡೂ ಷಡ್ಜ, ಈ ಹಿತ್ತಾಳೆಯದು ಕೆಳಗಿನ ಖರ್ಜದ ಷಡ್ಜ. ನಾಲ್ಕು ತಂತಿ, ಎರಡೇ ಸ್ವರ. "ಗಾಂಧಾರದ ತಂತಿ ಎಲ್ಲಿದೆ, ತೋರಿಸು" ಅಂದರು. ಇಲ್ಲ! ಎಲ್ಲಿಯೂ ಇಲ್ಲ. ಆದರೆ ಮಗಳಿಗೆ ಕೇಳುತ್ತಿರುವುದು ಗಾಂಧಾರವೇ. ನಾನೂ ಬಗ್ಗಿದೆ. ಮೊದಲು ಬರೀ ಝೇಂಕಾರ. ಕಣ್ಣು ಮುಚ್ಚಿದೆ. ನಾಲ್ಕನೆಯ ತಂತಿ ಮೀಟಿದ ಮೇಲೆ, ಅದರ ದನಿ ಇಳಿಯುವ ಹೊತ್ತಿಗೆ, ಬಹಳ ಮೇಲೆ, ತೆಳ್ಳಗೆ, ಬೆಳ್ಳಿಯ ಎಳೆಯಂತೆ... ಇತ್ತು. ನಿಜಕ್ಕೂ ಇತ್ತು! ಸ್ವಯಂಭೂ ಗಾಂಧಾರ. ತಾನೇ ತಾನಾಗಿ ಹುಟ್ಟುವ ಸ್ವರ.

ಇದರಲ್ಲಿ ಮಂತ್ರ ಮಾಯೆ ಏನೂ ಇಲ್ಲ, ಆದರೆ ಕಾರಣ ತಿಳಿದ ಮೇಲೆ ನನ್ನ ಬೆರಗು ಇಮ್ಮಡಿಯಾಯಿತು. ಮೀಟಿದ ತಂತಿ ಇಡಿಯಾಗಿ ಅದುರುತ್ತದೆ. ಅದೇ ಹೊತ್ತಿಗೆ ಅರ್ಧವಾಗಿಯೂ ಅದುರುತ್ತದೆ, ಮೂರು ಪಾಲಾಗಿಯೂ, ನಾಲ್ಕು ಪಾಲಾಗಿಯೂ, ಐದು ಪಾಲಾಗಿಯೂ. ಆ ಐದನೆಯ ಪಾಲಿನ ಕಂಪನವೇ ಗಾಂಧಾರ, ಮೂಲ ಷಡ್ಜಕ್ಕಿಂತ ಎರಡು ಸಪ್ತಕ ಮೇಲೆ. ಷಡ್ಜದ ಎಲ್ಲ ತಂತಿಯಲ್ಲಿಯೂ ಅದು ಅಡಗಿರುತ್ತದೆ, ಸುಲಭಕ್ಕೆ ಕಿವಿಗೆ ಬೀಳುವುದಿಲ್ಲ. ತಂಬೂರಿಯ ಕುದುರೆಯನ್ನು ತುಸುವೇ ಇಳಿಜಾರಾಗಿ ಉಜ್ಜಿ ಅದರ ಮೇಲೆ ಆ ನೂಲನ್ನು ಸರಿಯಾದ ಜಾಗದಲ್ಲಿ ಕೂರಿಸಿದಾಗ, ತಂತಿ ಕುದುರೆಯನ್ನು ಮತ್ತೆ ಮತ್ತೆ ಸವರುತ್ತ ಅಡಗಿದ ಸ್ವರಗಳನ್ನೆಲ್ಲ ಹೊರಗೆ ಕರೆಯುತ್ತದೆ. ಆ ಇಳಿಜಾರಿಗೆ, ಅದರಿಂದ ಹೊರಡುವ ಆ ನಾದಕ್ಕೆ ಹಿಂದುಸ್ತಾನಿಯವರು ಇಟ್ಟಿರುವ ಹೆಸರು ಜವಾರಿ. ಜವಾರಿ! ನಮ್ಮ ಕಡೆ ಜವಾರಿ ಕೋಳಿ, ಜವಾರಿ ಬದನಿಕಾಯಿ ಅಂತ ದಿನಕ್ಕೆ ಹತ್ತು ಸಲ ಹೇಳುವ ಮಾತು. ಮಗಳಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ ಎರಡು ದಿನವೂ ಬಾಯಲ್ಲಿ ಅದೇ. ದಕ್ಷಿಣಾದಿಯವರು ಆ ನೂಲನ್ನು ಜೀವಾಳಿ ಅನ್ನುತ್ತಾರೆ. ಅದರಲ್ಲಿ ಜೀವವೇ ಕೂತಿದೆ.

ಆ ತಂಬೂರಿಯ ಬುರುಡೆ ಬೆಳೆದದ್ದು ಪಂಢರಪುರದ ಸೀಮೆಯ ಹೊಲದಲ್ಲಂತೆ, ಭೀಮಾ ನದಿಯ ದಂಡೆಯ ಮೇಲೆ. ಅದನ್ನು ಒಣಗಿಸಿ, ಕೊಯ್ದು, ತೂನ್ ಮರದ ಕೊರಳು ಕೂಡಿಸುವುದು ಮಿರಜದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಶಿಕಲಗಾರರು, ಅಂದರೆ ಕತ್ತಿ ಸಾಣೆ ಹಿಡಿಯುವ ಮನೆತನದವರು, ಈ ಕೆಲಸಕ್ಕೆ ಕೈ ಹಾಕಿದರು. ಕತ್ತಿಗಳ ಕಾಲ ಮುಗಿಯುತ್ತ ಬಂದಿತ್ತು. ಕತ್ತಿಯ ಅಲಗನ್ನು ನೋಡಿ ಪಳಗಿದ ಕಣ್ಣು ಕುದುರೆಯ ಮೇಲಿನ ಕೂದಲೆಳೆಯಷ್ಟು ಇಳಿಜಾರನ್ನೂ ಹಿಡಿಯಿತು. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹಿಂದಿನ ರಾತ್ರಿಯಷ್ಟೇ ನಮ್ಮ ರೈಲು ಆ ಮಿರಜದ ಸ್ಟೇಷನ್ನಿನಲ್ಲಿ ನಿಂತಿತ್ತು. ನಾವು ಹೊದ್ದುಕೊಂಡು ಮಲಗಿದ್ದೆವು!

ನಾವು ಹುಬ್ಬಳ್ಳಿಯವರು. ನಮ್ಮೂರಿನಿಂದ ಕುಂದಗೋಳ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸಂತೆಗೆ, ಮದುವೆಗೆ, ಸಂಬಂಧಿಕರ ಮನೆಗೆ ಎಷ್ಟು ಸಲ ಹೋಗಿಬಂದಿದ್ದೇನೋ ಲೆಕ್ಕವಿಲ್ಲ. ಹೀಗಿರುವಾಗ ಐನೂರು ಕಿಲೋಮೀಟರಿನಷ್ಟು ಹಾದಿ ದಾಟಿ ಬಂದು, ಇನ್ನೊಂದು ರಾಜ್ಯದ ಮಹಾನಗರದಲ್ಲಿ, ಆಳೆತ್ತರದ ಅಕ್ಷರಗಳಲ್ಲಿ ಬಾಗಿಲ ಮೇಲೆ ಬರೆದ ಹೆಸರನ್ನು ಓದಿದಾಗ ಮೈ ಝುಂ ಅಂದಿತು. ಸವಾಯಿ ಗಂಧರ್ವ. ಕುಂದಗೋಳದ ರಾಮಭಾವು! ಸಾವಿರಾರು ಜನ ಚಾಪೆ ಬಗಲಲ್ಲಿಟ್ಟುಕೊಂಡು, ಸ್ವೆಟರ್ ಹಾಕಿಕೊಂಡು ಸಾಲಿನಲ್ಲಿ ನಿಂತಿರುವುದು ಆ ಹೆಸರಿನ ಕೆಳಗೆ.

ಈ ರಾಮಭಾವು, ಅಂದರೆ ರಾಮಚಂದ್ರ ಸವಂಶಿ, ಹುಟ್ಟಿದ್ದು 1886ರ ಜನವರಿ 19ರಂದು. ಉತ್ತರಪ್ರದೇಶದ ಕೈರಾನಾ ಎಂಬ ಊರಿನಿಂದ ಬಂದು, ನಮ್ಮ ಸೀಮೆಯನ್ನೆಲ್ಲ ಸ್ವರದಿಂದ ಗೆದ್ದಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಕುಂದಗೋಳದ ನಾಡಗೀರ ವಾಡೆಗೆ ಬಂದು ಹೋಗುತ್ತಿದ್ದರು. ಅವರ ಬಳಿ ಈ ಹುಡುಗ ಶಿಷ್ಯನಾದ. ಮುಂದೆ ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿ ಹಾಡಿ ಮಹಾರಾಷ್ಟ್ರವನ್ನೇ ಕುಣಿಸಿದ. ಅಲ್ಲಿ ಆಗಲೇ ಬಾಲಗಂಧರ್ವರೆಂಬ ದೇವರಂಥ ನಟ-ಗಾಯಕರಿದ್ದರು. ಈತ ಅವರಿಗಿಂತ ಒಂದು ಕೈ ಮೇಲು ಎಂದು ಮೆಚ್ಚಿದವರು ಕೊಟ್ಟ ಬಿರುದು ಸವಾಯಿ, ಅಂದರೆ ಒಂದೂಕಾಲು. ಕನ್ನಡ ನೆಲದ ಹುಡುಗ, ಉತ್ತರದ ಮುಸಲ್ಮಾನ ಉಸ್ತಾದರ ವಿದ್ಯೆ, ಮರಾಠಿ ರಂಗಭೂಮಿ ಕೊಟ್ಟ ಹೆಸರು. ಇದನ್ನೆಲ್ಲ ನಾನು ತಿಳಿದದ್ದು ಇಲ್ಲಿ, ಪುಣೆಯಲ್ಲಿ, ನನ್ನ ನಡುವಯಸ್ಸಿನಲ್ಲಿ.

ಮತ್ತು ಶಿಷ್ಯರು! ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್, ಮತ್ತೆ ಗದಗಿನ ಜೋಶಿ ಮೇಷ್ಟ್ರ ಮಗ ಭೀಮಸೇನ. ಅಬ್ದುಲ್ ಕರೀಂ ಖಾನರ ಒಂದು ಠುಮರಿಯ ಪ್ಲೇಟು ಕೇಳಿ ಹುಚ್ಚು ಹಿಡಿದು, ಹನ್ನೊಂದರ ವಯಸ್ಸಿಗೇ ಮನೆ ಬಿಟ್ಟು ಗುರುವನ್ನು ಹುಡುಕಿ ಊರೂರು ಅಲೆದ ಹುಡುಗ ಕೊನೆಗೆ ಕುಂದಗೋಳಕ್ಕೆ ಬಂದ. ಉತ್ತರದೇಶವನ್ನೆಲ್ಲ ತಿರುಗಿದವನಿಗೆ ಗುರು ಸಿಕ್ಕಿದ್ದು ಊರ ಮಗ್ಗುಲಲ್ಲಿ. ಗುರುಮನೆಗೆ ನೀರು ಹೊತ್ತ, ಕಲಿತ. ಗುರುವಿನ ಅರವತ್ತರ ಸಮಾರಂಭದಲ್ಲಿ, 1946ರಲ್ಲಿ, ಇದೇ ಪುಣೆಯಲ್ಲಿ ಹಾಡಿದಾಗ ಊರು ಅವನತ್ತ ತಿರುಗಿ ನೋಡಿತು. 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲೇ ತೀರಿಕೊಂಡರು. ಮರುವರ್ಷ ಶಿಷ್ಯ ಗುರುವಿನ ಹೆಸರಲ್ಲಿ ಒಂದು ಸಂಗೀತೋತ್ಸವ ನಡೆಸಿದ. 1953ರ ಆ ಪುಣ್ಯತಿಥಿಯೇ ಇವತ್ತಿನ ಈ ಜನಸಾಗರ. ಭೀಮಸೇನರು ಅದನ್ನು ದಶಕಗಳ ಕಾಲ ತಾವೇ ಮುಂದೆ ನಿಂತು ನಡೆಸಿದರು. 2011ರಲ್ಲಿ ಅವರು ಹೋದ ಮೇಲೆ ಉತ್ಸವದ ಹೆಸರಿನಲ್ಲಿ ಗುರುವಿನ ಪಕ್ಕ ಶಿಷ್ಯರೂ ಸೇರಿದರು.

ಪೆಂಡಾಲಿನ ಒಳಗೆ ಹೋದೆವು. ನಾನು ಕುರ್ಚಿಗಳ ಸಾಲು ಇರುತ್ತದೆಂದುಕೊಂಡಿದ್ದೆ. ಇತ್ತು, ಆದರೆ ಅದರಾಚೆ ನೆಲದ ಮೇಲೆ ಹಾಸಿದ ವಿಶಾಲವಾದ ಬೈಠಕ್ಕು, ಅದರಲ್ಲಿ ಇಡೀ ಒಂದು ಊರು ಸಂಸಾರ ಹೂಡಿದೆ! ಅಜ್ಜಂದಿರ ಮಂಕಿ ಕ್ಯಾಪು, ಥರ್ಮಾಸು, ಚಕ್ಕುಲಿಯ ಡಬ್ಬಿ, ಬೆನ್ನಿಗೆ ಒರಗಿಸಿಕೊಳ್ಳುವ ಮಡಚುವ ಆಸನ, ಮಡಿಲಲ್ಲಿ ನಿದ್ದೆ ಹೋದ ಕೂಸು. ಕಾಲೇಜು ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಕೂತಿದ್ದಾರೆ. ಒಬ್ಬರು ಹಳೆಯ ದಿನಚರಿ ಪುಸ್ತಕವೊಂದರಲ್ಲಿ ಇವತ್ತಿನ ತಾರೀಖು ಬರೆದು, ಕಲಾವಿದರ ಹೆಸರಿನ ಮುಂದೆ ರಾಗಕ್ಕೆ ಜಾಗ ಖಾಲಿ ಬಿಟ್ಟು ಕಾಯುತ್ತಿದ್ದಾರೆ. ಹಿಂದಿನ ಪುಟಗಳನ್ನು ಇಣುಕಿದೆ. ವರ್ಷ ವರ್ಷದ್ದು, ಒಂದು ಕಛೇರಿಯೂ ಬಿಡದೆ.

ನಮಗೆ ಜಾಗ ಸಿಕ್ಕಿದ್ದು ಒಬ್ಬ ಅಜ್ಜಿಯ ಮಗ್ಗುಲಲ್ಲಿ. ಇಳಕಲ್ ಸೀರೆ, ಮೇಲೆ ಗಂಡಸರ ಸ್ವೆಟರು. ನಾವಿಬ್ಬರು ಮಾತಾಡುವುದನ್ನು ಕೇಳಿಸಿಕೊಂಡು ಗಪ್ಪನೆ ತಿರುಗಿದರು.

"ಯಾವೂರ್ರೀ ನಿಮ್ದು?"

"ಹುಬ್ಬಳ್ಳಿ ರೀ, ಅಜ್ಜಿ."

"ಅಯ್ಯ, ಹುಬ್ಬಳ್ಳಿ! ನನ್ನ ತವರುಮನಿ ಧಾರವಾಡ. ಲಗ್ನ ಆಗಿ ಇಲ್ಲಿಗೆ ಬಂದು ಐವತ್ತು ವರ್ಷ ದಾಟ್ತು. ಬಂದ ವರ್ಷಾನ ನಮ್ಮವರು ಇಲ್ಲೆ ಕರಕೊಂಡು ಬಂದ್ರು. ನನಗ ಮರಾಠಿ ಒಂದಕ್ಷರ ಬರ್ತಿರಲಿಲ್ಲ. ರಾತ್ರಿಯೆಲ್ಲಾ ಕೂತು ಕೇಳಿದೆ. ಈ ಊರಾಗ ಬದುಕಬಹುದು ಅಂತ ಅವತ್ತ ಅನ್ನಿಸ್ತು."

ಇಷ್ಟು ಹೇಳಿ ಡಬ್ಬಿಯಿಂದ ಎರಡು ಶೇಂಗಾ ಹೋಳಿಗೆ ತೆಗೆದು ಮಗಳ ಕೈಯಲ್ಲಿಟ್ಟರು. ಅಲ್ಲಿಂದ ಮುಂದೆ ಎರಡು ದಿನ ನಾವು ಅವರ ಮನೆಯವರೇ ಆಗಿಬಿಟ್ಟೆವು.

ನಾಲ್ಕು ಗಂಟೆಗೆ ಮೊದಲ ಕಛೇರಿ. ಮುಲ್ತಾನಿ. ಚೆನ್ನಾಗಿತ್ತು, ಆದರೆ ನಾನಿನ್ನೂ ಜನರನ್ನು ನೋಡುವುದರಲ್ಲೇ ಇದ್ದೆ. ಎರಡನೆಯವರು ವೇದಿಕೆಗೆ ಬರುವಾಗ ಸೂರ್ಯ ಇಳಿಯುತ್ತಿದ್ದ. ಪೆಂಡಾಲಿನ ಬಟ್ಟೆಯ ಅಂಚಿನಿಂದ ಕೇಸರಿ ಬೆಳಕು ಓರೆಯಾಗಿ ಬೀಳುತ್ತಿತ್ತು. ತಂಬೂರಿ ಹಿಡಿದ ಹುಡುಗಿ ಮೊದಲ ತಂತಿಯ ಬಿರಡೆ ತಿರುವಿ ಬಿಗಿ ಮಾಡತೊಡಗಿದಳು. ಅಜ್ಜಿ ನನ್ನ ಮಂಡಿ ತಟ್ಟಿದರು. "ಪಂಚಮ ತಗದು ನಿಷಾದಕ್ಕ ಕೂಡ್ಸಾಕತ್ತಾಳ ನೋಡ್ರಿ. ಮಾರವಾ ಹಾಡ್ತಾರ." ಗಾಯಕರು ಬಾಯಿ ತೆರೆಯುವ ಮೊದಲೇ, ಬರೀ ಒಂದು ತಂತಿಯ ಏರಿಕೆ ಕೇಳಿ! ಮಾರವಾ ರಾಗದಲ್ಲಿ ಪಂಚಮವೇ ಇಲ್ಲ, ಆದ್ದರಿಂದ ತಂಬೂರಿಯಲ್ಲೂ ಅದು ನುಡಿಯುವಂತಿಲ್ಲ. ಷಡ್ಜವನ್ನೂ ಹಾಡುವವರು ಬೇಕೆಂದೇ ದೂರವಿಡುತ್ತಾರೆ. ಕೋಮಲ ರಿಷಭದಲ್ಲಿ ನಿಂತು, ಧೈವತಕ್ಕೆ ಇಳಿದು, ಮನೆಯ ಅಂಗಳದವರೆಗೆ ಬಂದು ಒಳಗೆ ಕಾಲಿಡದೆ ತಿರುಗಿ ಹೋಗುವ ಹಾಗೆ. ಹೊತ್ತು ಮುಳುಗುವ ಗಳಿಗೆಯ ಆ ತಳಮಳ, ದನಗಳು ಇನ್ನೂ ಬಂದಿಲ್ಲ, ದೀಪ ಇನ್ನೂ ಹಚ್ಚಿಲ್ಲ ಎಂಬ ಕಳವಳ, ಅದೇ ಸ್ವರವಾಗಿ ಕೂತಿದೆ! ಕೊನೆಗೊಮ್ಮೆ ಅವರು ಷಡ್ಜಕ್ಕೆ ಬಂದು ನಿಂತಾಗ ಇಡೀ ಪೆಂಡಾಲು ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಹೊರಗೆ ಕತ್ತಲಾಗಿತ್ತು. ಆ ಗೆರೆ ಯಾವಾಗ ದಾಟಿತೋ ನಾನು ನೋಡಲಿಲ್ಲ.

ರಾಗಕ್ಕೆ ಹೊತ್ತು ಉಂಟು ಎಂದು ಕೇಳಿ ಗೊತ್ತಿತ್ತು. ಮೈಗೆ ಗೊತ್ತಾದದ್ದು ಅವತ್ತು.

ಇದೇ ಕಾರಣಕ್ಕೆ ಒಂದು ಸಂಕಟವನ್ನೂ ಹೇಳಲೇಬೇಕು. ಮೊದಲೆಲ್ಲ ಈ ಉತ್ಸವ ಅಹೋರಾತ್ರಿ ನಡೆಯುತ್ತಿತ್ತು. ರಮಣಬಾಗ ಶಾಲೆಯ ಅಂಗಳದಲ್ಲಿ, ಊರ ನಡುವೆ, ರಾತ್ರಿ ಶುರುವಾಗಿ ಬೆಳಗಿನ ಕೋಳಿ ಕೂಗುವವರೆಗೆ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಮಿತಿ ಬಂದ ಮೇಲೆ ಕಛೇರಿಗಳು ಮಧ್ಯಾಹ್ನಕ್ಕೆ ಸರಿದವು. ಶನಿವಾರ ಮಾತ್ರ ಹನ್ನೆರಡರವರೆಗೆ ಸಡಿಲಿಕೆ ಸಿಗುತ್ತದೆ. 2018ರಲ್ಲಿ ಜಾಗವೂ ಮುಕುಂದನಗರಕ್ಕೆ ಬದಲಾಯಿತು. ನಿದ್ದೆ ಬೇಕಾದವರಿದ್ದಾರೆ, ಆ ನಿಯಮ ತಪ್ಪೆಂದು ಹೇಳಲಾರೆ. ಆದರೆ ಲಲತ್, ತೋಡಿ, ಆಸಾವರಿ, ಬೆಳಗಿನ ರಾಗಗಳೆಲ್ಲ ಈ ವೇದಿಕೆಯಿಂದ ಎದ್ದು ಹೋದವಲ್ಲ! ಅಜ್ಜಿ ಹೇಳಿದರು: ಅವರು ಎಳೆಯ ಸೊಸೆಯಾಗಿದ್ದಾಗ ಚಳಿಯಲ್ಲಿ ಒಂದೇ ಶಾಲಿನಲ್ಲಿ ಮೂವರು ಕೂತು ರಾತ್ರಿ ಕಳೆದು, ಮುಂಜಾನೆ ಭೀಮಸೇನರು ತೋಡಿ ಹಾಡುತ್ತಿರುವಾಗ ಪೆಂಡಾಲಿನ ಮೇಲೆ ಬೆಳಕು ಹರಿಯುತ್ತಿತ್ತು. "ಸೂರ್ಯಾ ಅವರ ಸಲುವಾಗಿ ಕಾಯ್ತಿದ್ದ" ಅಂದರು. ಹೇಳುವಾಗ ಕಣ್ಣು ವೇದಿಕೆಯ ಮೇಲೇ ಇತ್ತು. ಅವರಿಗೆ ಅದು ಈಗಲೂ ಕಾಣುತ್ತಿರಬೇಕು.

ಎಂಟರ ಸುಮಾರಿಗೆ ಒಬ್ಬ ಗಾಯಕಿ ಬಂದರು. ಹೆಸರು ಬರೆಯುವುದಿಲ್ಲ. ಅವತ್ತು ನನಗೆ ಆದದ್ದಕ್ಕೆ ಅವರು ನಿಮಿತ್ತ, ಅವರಿಗೇ ಅದು ಗೊತ್ತಿಲ್ಲ. ಎರಡು ತಂಬೂರಿ, ಹಾರ್ಮೋನಿಯಂ, ತಬಲಾ. ಮೊದಲ ತಂತಿ ಮತ್ತೆ ಪಂಚಮಕ್ಕೆ. ಶುದ್ಧ ಕಲ್ಯಾಣ, ವಿಲಂಬಿತ ಏಕತಾಳ. ಅಬ್ದುಲ್ ಕರೀಂ ಖಾನರ ಪರಂಪರೆಯಾದ ಕಿರಾಣಾ ಘರಾನೆಯವರ ವಿಲಂಬಿತ ಅಂದರೆ ಹನ್ನೆರಡು ಮಾತ್ರೆಯ ಒಂದು ಸುತ್ತು ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ! ಮೊದಮೊದಲು ನನಗೆ ದಿಕ್ಕೇ ತಿಳಿಯಲಿಲ್ಲ. ಸುತ್ತು ಶುರುವಾಗುವ ಸಮ್ ಎಲ್ಲಿ, ಅದಕ್ಕೆ ಕರೆತರುವ ಮುಖಡಾ ಎಲ್ಲಿ. ಅಜ್ಜಿ ನನ್ನ ಅಂಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಅದರ ಮೇಲೆ ಬೆರಳಿನಿಂದ ಮಾತ್ರೆ ಎಣಿಸತೊಡಗಿದರು. ಹತ್ತು, ಹನ್ನೊಂದು, ಹನ್ನೆರಡು... ಮತ್ತು ಸಮ್ಮಿಗೆ ಒಂದು ಮೆಲ್ಲಗಿನ ಒತ್ತು. ಮೂರು ಸುತ್ತಿನೊಳಗೆ ನನ್ನ ತಲೆ ತಾನಾಗಿಯೇ ಬಾಗಿತು, ಅವರು ಒತ್ತುವ ಮೊದಲೇ. ಅಕ್ಕಪಕ್ಕದ ನೂರು ತಲೆಗಳು ಅದೇ ಗಳಿಗೆಗೆ ಬಾಗಿದವು!

ಗಾಯಕಿ ಅವಸರ ಮಾಡಲಿಲ್ಲ. ಷಡ್ಜ, ಕೆಳಗಿನ ಧೈವತ, ಮತ್ತೆ ಷಡ್ಜ. ರಿಷಭಕ್ಕೆ ಬರಲು ಎಷ್ಟು ಹೊತ್ತು! ಸವಾಯಿ ಗಂಧರ್ವರು ಗಂಗೂಬಾಯಿಯವರಿಗೆ ಹೇಳಿಕೊಟ್ಟದ್ದು ಇದನ್ನೇ: ಜಿಪುಣ ದುಡ್ಡು ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಖರ್ಚು ಮಾಡು ಎಂದು. ಒಂದೊಂದಕ್ಕೂ ಬೆಲೆ ಇದೆ ಎಂದು ಕೇಳುವವರಿಗೆ ಗೊತ್ತಾಗಬೇಕು. ಗೊತ್ತಾಗುತ್ತಿತ್ತು. ಶುದ್ಧ ಕಲ್ಯಾಣದ ವಾದಿ, ಅಂದರೆ ಮುಖ್ಯ ಸ್ವರ, ಗಾಂಧಾರ. ಅವರು ಅದರತ್ತ ರಿಷಭದಿಂದ ಹೊರಟು, ಹತ್ತಿರ ಹೋಗಿ, ಹಿಂದೆ ಬಂದು, ಮತ್ತೆ ಹೋಗಿ, ಮೂರನೆಯ ಸಲ ಕೊನೆಗೂ ಅದರ ಮೇಲೆ ಬಂದು ನಿಂತರು. ಉಸಿರು ಕಟ್ಟಿ ನಿಂತ ಹಾಗೆ ನಿಂತರು. ಅಲುಗಾಟವಿಲ್ಲ, ಗಮಕವಿಲ್ಲ. ಅವರ ದನಿ ಕಾಣೆಯಾಯಿತು! ನಾನು ಬೆಚ್ಚಿದೆ. ಹಾಡು ನಿಂತಿತೇ? ಬಾಯಿ ತೆರೆದೇ ಇದೆ, ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿದೆ. ಆಗ ತಿಳಿಯಿತು. ದನಿ ಹೋಗಿಲ್ಲ, ತಂಬೂರಿಯೊಳಗೆ ಹೋಗಿದೆ. ಮಧ್ಯಾಹ್ನ ಮಳಿಗೆಯಲ್ಲಿ ಕೇಳಿದ ಆ ಬೆಳ್ಳಿಯ ಎಳೆ, ಯಾರೂ ಮೀಟದ ಆ ಗಾಂಧಾರ, ಅದರ ಮೇಲೆ ಇವರು ತಮ್ಮ ಗಾಂಧಾರವನ್ನು ಎಷ್ಟು ಸರಿಯಾಗಿ ಇಟ್ಟಿದ್ದರೆಂದರೆ ಎರಡರ ನಡುವೆ ಒಂದು ಕೂದಲು ತೂರುವಷ್ಟೂ ಸಂದಿಲ್ಲ.

ಮಗಳು ನನ್ನ ಕಡೆ ತಿರುಗಿದಳು. ಏನೂ ಹೇಳಲಿಲ್ಲ, ಹುಬ್ಬು ಮಾತ್ರ ಮೇಲೇರಿಸಿದಳು. ನನಗೆ ಕಣ್ಣೀರು ಬಂದಿತ್ತು. ಹಿಂದಿನಿಂದ ಯಾರೋ "ಆಹಾ" ಎಂದರು, ಬಹಳ ಮೆಲ್ಲಗೆ, ತಮಗೆ ತಾವೇ.

ಕಿರಾಣಾದವರು ಸ್ವರಕ್ಕೆ ಪ್ರಾಣ ಕೊಡುತ್ತಾರೆ ಎನ್ನುವ ಮಾತನ್ನು ಸಂಗೀತದ ಬರಹಗಳಲ್ಲಿ ಓದಿದ್ದೆ. ಹೊಗಳಿಕೆಯ ಮಾತು ಎಂದು ದಾಟಿ ಹೋಗಿದ್ದೆ. ಅಬ್ದುಲ್ ಕರೀಂ ಖಾನರು ಸಾಂಗ್ಲಿಯ ಕೆ. ಬಿ. ದೇವಲರ ಜೊತೆ ಕೂತು ಇಪ್ಪತ್ತೆರಡು ಶ್ರುತಿಗಳನ್ನು ಹಾಡಿ ತೋರಿಸಿದರು, ತಂಬೂರಿಯ ಶ್ರುತಿ ಕೂಡುವವರೆಗೆ ಹಾಡಲು ಕೂರುತ್ತಿರಲಿಲ್ಲ. ಅವರ ಗೋರಿ ಇರುವುದು ಮಿರಜದ ದರ್ಗಾದಲ್ಲಿ, ತಂಬೂರಿ ಹುಟ್ಟುವ ಓಣಿಯ ಊರಿನಲ್ಲೇ. ಆ ಗಾಂಧಾರ ಖಾನ್ ಸಾಹೇಬರ ಕಿವಿಯಿಂದ ಕುಂದಗೋಳದ ವಾಡೆಗೆ, ವಾಡೆಯಿಂದ ಗಂಗೂಬಾಯಿ, ಭೀಮಸೇನರ ಕೊರಳಿಗೆ, ಅಲ್ಲಿಂದ ಎಷ್ಟೆಷ್ಟೋ ಮನೆ ದಾಟಿ ಈ ಹೆಣ್ಣುಮಗಳ ಕೊರಳಿಗೆ ಬಂದಿದೆ. ಬರೆದಿಡಲು ಬರುವಂಥದ್ದಲ್ಲ ಅದು. ಕಿವಿಯಿಂದ ಕಿವಿಗೆ ಮಾತ್ರ ದಾಟಬೇಕು.

ಹನ್ನೆರಡಕ್ಕೆ ಮುಗಿಯಿತು, ಮಾಲಕಂಸದಲ್ಲಿ. ಜನ ಹೊರಗೆ ಬಂದರೂ ಚದುರಲಿಲ್ಲ. ಅಮೃತತುಲ್ಯ ಚಹಾದ ಗಾಡಿಯ ಸುತ್ತ ನಿಂತು ಒಬ್ಬರಿಗೊಬ್ಬರು ತಾನ್ ಹಾಡಿ ತೋರಿಸುತ್ತಿದ್ದರು, ಬೈಕಿಗೆ ಒರಗಿ, ಕೈಯಲ್ಲಿ ಲೋಟ ಹಿಡಿದೇ. ಒಬ್ಬ ರಿಕ್ಷಾದವರು ನಮ್ಮನ್ನು ಹತ್ತಿಸಿಕೊಂಡು ಮೊದಲು ಕೇಳಿದ್ದು ಎಲ್ಲಿಗೆ ಎಂದಲ್ಲ. "ಕಡೆಗೆ ಯಾವ ರಾಗ ಹಾಡಿದರು?"

ಭಾನುವಾರ ಹನ್ನೆರಡಕ್ಕೇ ಶುರು. ಅದಕ್ಕೂ ಮೊದಲು ಪೆಂಡಾಲಿನ ಪಕ್ಕದ ಛಾಯಾಚಿತ್ರ ಪ್ರದರ್ಶನಕ್ಕೆ ಹೋದೆವು. ಅಲ್ಲಿ ಕಪ್ಪು ಬಿಳುಪಿನ ಒಂದು ಚಿತ್ರದ ಮುಂದೆ ಮಗಳು ಎಷ್ಟೋ ಹೊತ್ತು ನಿಂತಳು. ಗಂಗೂಬಾಯಿ. ಕಿವಿಯ ಮೇಲೆ ಕೈ, ಮೂಗಿನ ಎರಡೂ ಕಡೆ ಹೊಳೆಯುವ ಹರಳು, ನಮ್ಮ ಮನೆಯ ಹಿರಿಯಳೊಬ್ಬಳ ಹಾಗೆ ಉಟ್ಟ ಸೀರೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಇವರ ಮನೆಯ ಮುಂದಿನಿಂದಲೇ ನೀನು ಟ್ಯೂಷನ್ನಿಗೆ ಹೋಗುತ್ತೀ ಎಂದು ನಾನು ಹೇಳಿದಾಗ ಅವಳು ಬಾಯಿ ತೆರೆದಳು. ಗಂಗೂಬಾಯಿ ಕಲಿಯಲು ದಿನಾ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗುತ್ತಿದ್ದರು, ಪಾಠ ಮುಗಿದ ಮೇಲೆ ಕತ್ತಲಲ್ಲಿ ಎಳೆಯ ಭೀಮಸೇನ ಅವರನ್ನು ಸ್ಟೇಷನ್ನಿನವರೆಗೆ ಕಳಿಸಿ ಬರುತ್ತಿದ್ದ, ಹಾದಿಯಲ್ಲಿ "ಅಕ್ಕಾ, ಇವತ್ತು ಗುರುಗಳು ಏನು ಹೇಳಿಕೊಟ್ಟರು" ಎಂದು ಕೇಳುತ್ತಿದ್ದ ಎಂದು ಅಜ್ಜಿ ಹೇಳಿದರು. ಮುಂದೆ ದೊಡ್ಡವರಾದ ಮೇಲೆ ಭೀಮಸೇನರು ಅವರೆದುರು ಒಪ್ಪಿಕೊಂಡರಂತೆ: ನಿಜವಾದ ಕಿರಾಣಾ ಘರಾನಾ ನಿಮ್ಮದು, ನಂದು ಕಿರಾಣಿ ಅಂಗಡಿ, ಎಲ್ಲೆಲ್ಲಿಯದೋ ಸಾಮಾನು ತಂದು ತುಂಬಿದ್ದೇನೆ. ಈ ಮಾತು ನಮ್ಮ ಕಡೆ ಬಾಯಿಂದ ಬಾಯಿಗೆ ಬಂದಿದೆ. ಅಂಥ ಅಂಗಡಿಯ ಮುಂದೆ ಇಡೀ ದೇಶ ಸಾಲು ನಿಂತಿತು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಆ ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿರುವಾಗ ವೃಂದಾವನಿ ಸಾರಂಗ ಕೇಳಿದೆವು. ಮರದ ನೆರಳಿಗೆ ಬಂದ ಹಾಗಿತ್ತು. ಪಿಠಲಾ-ಭಾಕರಿ ತಿಂದೆವು, ಸಾಬುದಾಣಿ ವಡೆ ತಿಂದೆವು. ಸಿತಾರ, ಬಾನ್ಸುರಿ, ಒಂದು ನೃತ್ಯ, ಎಲ್ಲ ಬಂದು ಹೋದವು. ಎಲ್ಲವೂ ಮನಸ್ಸಿನಲ್ಲಿ ಉಳಿದಿವೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಕಿವಿ ಅಷ್ಟರಲ್ಲಿ ಬೇರೆಯೇ ಒಂದನ್ನು ಹುಡುಕಲು ಕಲಿತಿತ್ತು. ಯಾರೇ ವೇದಿಕೆಗೆ ಬರಲಿ, ಮೊದಲು ತಂಬೂರಿಯತ್ತ ಹೋಗುತ್ತಿತ್ತು. ಕೆಲವರ ತಂಬೂರಿಯಲ್ಲಿ ಅದು ಕೂಡಲೇ ಸಿಕ್ಕಿತು. ಯಂತ್ರದ ತಂಬೂರಿ ಇಟ್ಟುಕೊಂಡವರಲ್ಲಿ ಎಷ್ಟು ತಡಕಿದರೂ ಸಿಗಲಿಲ್ಲ. ಮರ, ಬುರುಡೆ, ನೂಲು ಇಲ್ಲದೆ ಅದು ಬರುವುದಿಲ್ಲವೆಂದೇ ಈಗ ನಾನು ನಂಬಿದ್ದೇನೆ.

ಹತ್ತಕ್ಕೆ ಇನ್ನು ಕೆಲವೇ ನಿಮಿಷ. ಕೊನೆಯ ಕಲಾವಿದರು ನಮಸ್ಕರಿಸಿ ಎದ್ದರು. ನಾನು ಚಾಪೆ ಸುತ್ತಲು ಕೈಹಾಕಿದೆ. ಅಜ್ಜಿ ನನ್ನ ಕೈ ಹಿಡಿದರು. "ಕೂಡ್ರಿ. ಇನ್ನೂ ಅವರು ಹಾಡಿಲ್ಲ."

ವೇದಿಕೆ ಖಾಲಿ. ಮೈಕು ಮಾತ್ರ ನಿಂತಿವೆ. ಆಮೇಲೆ ಧ್ವನಿವರ್ಧಕದಿಂದ ಕರಕರ ಸದ್ದು, ಹಳೆಯ ಪ್ಲೇಟಿನ ಮೇಲೆ ಮುಳ್ಳು ಕೂತ ಸದ್ದು. ಅದರೊಳಗಿಂದ ಒಂದು ದನಿ ಎದ್ದಿತು. ಭೈರವಿ. ತೆಳುವಾದ, ಸ್ವಲ್ಪ ಮೂಗಿನಲ್ಲಿ ತಡೆದು ಬರುವ, ಎಲ್ಲೋ ದೂರದ ಓಣಿಯಿಂದ ಗಾಳಿ ಹೊತ್ತು ತಂದಂಥ ದನಿ. ಸವಾಯಿ ಗಂಧರ್ವರೇ! ವರ್ಷ ವರ್ಷವೂ ಈ ಉತ್ಸವ ಅವರ ಈ ಠುಮರಿಯ ಧ್ವನಿಮುದ್ರಿಕೆಯಿಂದಲೇ ಮುಗಿಯುವುದು. ಪ್ಲೇಟಿನ ಒಂದು ಮಗ್ಗುಲು, ಮೂರು ನಿಮಿಷದಷ್ಟು. ಎಷ್ಟೋ ಸಾವಿರ ಜನ ಖಾಲಿ ವೇದಿಕೆಯನ್ನು ನೋಡುತ್ತ ಕೂತಿದ್ದಾರೆ, ನಿಂತಿದ್ದಾರೆ, ಚಪ್ಪಲಿ ಕೈಯಲ್ಲಿ ಹಿಡಿದವರು ಹಿಡಿದ ಹಾಗೇ ಇದ್ದಾರೆ. ದಿನಚರಿಯವರು ಪೆನ್ನು ಮುಚ್ಚಿ ಕೈಮುಗಿದಿದ್ದಾರೆ. ಎರಡು ದಿನ ಕೇಳಿದ್ದೆಲ್ಲ ಈ ದನಿಯಿಂದ ಹೊರಟಿದ್ದು. ಕುಂದಗೋಳದ ದನಿ, ನನ್ನ ಊರ ಪಕ್ಕದ ದನಿ, ನಾನು ಮೊದಲ ಸಲ ಕೇಳುತ್ತಿದ್ದೇನೆ!

ಪ್ಲೇಟು ಮುಗಿದ ಮೇಲೂ ಕರಕರ ಸದ್ದು ಒಂದು ಕ್ಷಣ ಉಳಿಯಿತು. ಚಪ್ಪಾಳೆ ತಡವಾಗಿ ಬಂತು.

ಹೊರಡುವಾಗ ಅಜ್ಜಿ ಮಗಳ ಗಲ್ಲ ಸವರಿದರು. "ಊರಿಗೆ ಹೋದ ಮ್ಯಾಲೆ ಕುಂದಗೋಳಕ್ಕ ಹೋಗ್ತೀಯೇನವಾ? ನನ್ನ ಮೊಳಕಾಲು ಈಗ ಅಷ್ಟು ದೂರ ಬರೂದಿಲ್ಲ. ವಾಡೇದ ಹೊಸ್ತಲಕ್ಕ ನನ್ನದೊಂದು ನಮಸ್ಕಾರ ಮುಟ್ಟಸು."

ಮುಂದಿನ ಭಾನುವಾರ ಹೋದೆವು. ಗಂಗೂಬಾಯಿ ಹೋಗುತ್ತಿದ್ದ ಹಾಗೆ ಹುಬ್ಬಳ್ಳಿಯಿಂದ ರೈಲಿನಲ್ಲೇ. ಕಿಟಕಿಯಾಚೆ ಕರಿಮಣ್ಣಿನ ಹೊಲ, ಜೋಳ, ಕಡಲೆ. ಸ್ಟೇಷನ್ನಿನಿಂದ ಊರೊಳಗೆ ನಡೆದೆವು, ಆ ಇಬ್ಬರು ಕತ್ತಲಲ್ಲಿ ಪಾಠ ಒಪ್ಪಿಸುತ್ತ ನಡೆದ ಹಾದಿ ಇದೇ ಇರಬೇಕೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ. ವಾಡೆಯ ಮುಂದೆ ನಿಂತಾಗ ಮಗಳು ಚಪ್ಪಲಿ ಬಿಟ್ಟಳು. ಮೊಣಕಾಲೂರಿ ಕೂತು ಹೊಸ್ತಿಲಿನ ಮೇಲೆ ಅಂಗೈ ಇಟ್ಟಳು.

"ಪುಣೆದಿಂದ ಅಜ್ಜಿ ನಮಸ್ಕಾರ ಹೇಳ್ಯಾರ್ರೀ" ಅಂದಳು.